ನಲ್ಲಿ ಕಚೇರಿಯ ಗಿಳಿಯ ಅಮಾನತು

ಮೊದಲೇ ಕ್ಷಮೆ ಕೇಳುತ್ತೇನೆ. ಇದುವರೆಗೆ ನಾನು ಬರೆದಿರುವುದೆಲ್ಲ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗುವಂಥದ್ದು. ಮೇಲೆ ಏನೂ ಕಾಣದೆ ಬರೆಯುತ್ತಿರುವುದು ಇದೇ ಮೊದಲು. ಹೇಳುವುದು ಸರಿಯಾಗದಿದ್ದರೆ ಮನ್ನಿಸಬೇಕು.

ವಿಷಯ ಏನೆಂದರೆ, 2001ರಲ್ಲಿ ನಮ್ಮ ಯಾದವಗಿರಿ ನಲ್ಲಿ ಸಂಪರ್ಕ ಕಚೇರಿಯಲ್ಲಿ ಒಂದು ಗಿಳಿಯನ್ನು ಕ್ರಮಬದ್ಧವಾಗಿ ನೌಕರಿಯಿಂದ ವಜಾ ಮಾಡಲಾಯಿತು. ಜೀವಂತ ಗಿಳಿಯಲ್ಲ. ಹೊಸ ಕಂಪ್ಯೂಟರಿನೊಳಗೆ ನಾವು ಕೇಳದೆಯೇ ತುಂಬಿಸಿ ಕಳಿಸಿದ್ದ ಒಂದು ಪ್ರೋಗ್ರಾಂ. ನಾನು ಪತ್ರ ಟೈಪು ಮಾಡಲು ಕೂತ ಕೂಡಲೆ ಪರದೆಯ ಮೂಲೆಯಲ್ಲಿ ಹಸಿರು ಗಿಳಿಯೊಂದು ರೆಕ್ಕೆ ಬಡಿದು, “ಮೇ ಐ ಹೆಲ್ಪ್ ಯು?” ಎನ್ನುತ್ತಿತ್ತು. ಕೇಳುವುದಷ್ಟೆ. ಹೂಂ ಎಂದು ಒತ್ತಿದರೆ ತಲೆ ಕೆರೆದುಕೊಳ್ಳುತ್ತಿತ್ತು.

ವೈರು ಗಿಡ್ಡವಾದ್ದರಿಂದ ಪರದೆ ಕೌಂಟರಿನ ಕಡೆ ತಿರುಗಿತ್ತು. ಹಾಗಾಗಿ ಒಂಟಿಕೊಪ್ಪಲಿನ ಚಾಮುಂಡಮ್ಮನವರು ಅದನ್ನು ನೋಡಿದರು. ಅವರ ನಲ್ಲಿ, ತೀರಿಕೊಂಡ ಗಂಡನ ಹೆಸರಿನಲ್ಲಿತ್ತು. ಸತ್ತವರಿಗೆ ನೀರು ಬಿಡುವುದು ಶಾಸ್ತ್ರದಲ್ಲಿದೆ, ನಮ್ಮ ನಿಯಮದಲ್ಲಿಲ್ಲ. ಆದ್ದರಿಂದ ಸಂಪರ್ಕ ಕಡಿದಿದ್ದೆವು. ಹೆಸರು ಬದಲಾವಣೆಯ ಆದೇಶವನ್ನು ನಾನು ಟೈಪು ಮಾಡಿ, ಸಾಹೇಬರು ಸಹಿ ಹಾಕಬೇಕು. ಅಲ್ಲಿಯವರೆಗೆ ಅವರು ಪಕ್ಕದ ಮನೆಯಿಂದ ಕೊಡದಲ್ಲಿ ನೀರು ಹೊರುತ್ತಿದ್ದರು.

“ಏನಂತಾ ಅದೆ ಅದು?” ಎಂದರು.

“ಸಹಾಯ ಮಾಡ್ಲಾ ಅಂತ ಕೇಳ್ತಾ ಇದೆ ಕಣಮ್ಮ.”

“ಅಂಗಾದ್ರೆ ಊಂ ಅನ್ನಪ್ಪ. ನನ್ ನಲ್ಲಿ ಇಸ್ಯ ಏಳು ಅದಕ್ಕೆ.”

ಸಾಲಿನಲ್ಲಿದ್ದವರೆಲ್ಲ ತಮ್ಮ ವಿಷಯವನ್ನೂ ಹೇಳೆಂದರು. ಗದ್ದಲ ಕೇಳಿ ನಮ್ಮ ಸಾಹೇಬರು ಸದಾಶಿವಯ್ಯನವರು ಒಳಗಿನಿಂದ ಎದ್ದು ಬಂದರು.

“ಯಾರ್ರೀ ಇಲ್ಲಿ ಸಹಾಯ ಮಾಡ್ತೀನಿ ಅಂದಿದ್ದು?”

ನಾನು ಪರದೆ ತೋರಿಸಿದೆ.

“ಇಷ್ಟು ವರ್ಷದ ಸರ್ವೀಸಲ್ಲಿ ನಾನು ಯಾರನ್ನೂ ಹಾಗೆ ಕೇಳಿಲ್ಲ ಕಣ್ರೀ. ಇದು ಜನರ ಅಭ್ಯಾಸ ಕೆಡಿಸುತ್ತೆ. ತೆಗೆಸಿ.”

ಕಂಪ್ಯೂಟರ್ ಮಾರಿದ ಅಂಗಡಿಯ ಮನೋಹರ್ ಬಂದ. “ಎರಡು ಸಲ ಒತ್ತಿದ್ರೆ ಹೋಗುತ್ತೆ ಸಾರ್” ಎಂದು ಕೈ ಇಟ್ಟ. ಸಾಹೇಬರು ತಡೆದರು. “ಇರ್ರಿ. ವಿಚಾರಣೆ ಇಲ್ದೆ ಹೇಗ್ರೀ ತೆಗೆದಿರಿ ಅಂತ ನಾಳೆ ಮೇಲಿನವರು ಕೇಳಿದ್ರೆ?”

ಆದರೆ ನೇಮಕವೇ ಆಗದವರನ್ನು ವಜಾ ಮಾಡಲು ನಿಯಮದಲ್ಲಿ ಅವಕಾಶವಿಲ್ಲ. ಆದ್ದರಿಂದ ಮೊದಲು ಗಿಳಿಯನ್ನು ‘ಸಹಾಯ ವಿಚಾರಕ’ ಎಂಬ ಹುದ್ದೆಯಲ್ಲಿ ಖಾಯಂ ಮಾಡಲಾಯಿತು. (ನಾನು ಹಲವು ವರ್ಷಗಳಿಂದ ದಿನಗೂಲಿ. ದೂರುತ್ತಿಲ್ಲ. ತೆಗೆದುಹಾಕುವ ಉದ್ದೇಶವಿದ್ದಿದ್ದರೆ ನನ್ನನ್ನೂ ಖಾಯಂ ಮಾಡುತ್ತಿದ್ದರು.) ಆಮೇಲೆ ಆರೋಪ ಪಟ್ಟಿ: ‘ಅರ್ಜಿಯಿಲ್ಲದೆ ಸಾರ್ವಜನಿಕರಿಗೆ ಸಹಾಯದ ಪ್ರಸ್ತಾಪ ಮಾಡಿರುವುದು, ಊಟದ ವೇಳೆಯಲ್ಲೂ ಅದನ್ನೇ ಮುಂದುವರಿಸಿರುವುದು.’ ಇದನ್ನು ನಾನು ಅದೇ ಕಂಪ್ಯೂಟರಿನಲ್ಲಿ ಟೈಪು ಮಾಡುವಾಗ ಗಿಳಿ ರೆಕ್ಕೆ ಬಡಿದು, ಸಹಾಯ ಬೇಕೇ ಎಂದಿತು. ಅದನ್ನು ಉದ್ಧಟತನವೆಂದು ದಾಖಲಿಸಿ ಅಮಾನತು ಮಾಡಲಾಯಿತು.

ಅಮಾನತು ಎಂದರೆ ಕೆಲಸವಿಲ್ಲದೆ ನೌಕರಿಯಲ್ಲಿರುವುದು. ಅಮಾನತಿಲ್ಲದೆಯೂ ಹಾಗಿರಬಹುದು, ಅದಕ್ಕೆ ಆದೇಶ ಬೇಕಿಲ್ಲ. ಅಮಾನತಾದವರು ಕೇಂದ್ರಸ್ಥಾನ ಬಿಡುವಂತಿಲ್ಲವಾದ್ದರಿಂದ ಕಂಪ್ಯೂಟರನ್ನು ಆರಿಸುವಂತಿರಲಿಲ್ಲ. ಅವರ ಮೇಜನ್ನು ಇನ್ನೊಬ್ಬರು ಮುಟ್ಟುವಂತಿಲ್ಲವಾದ್ದರಿಂದ ಟೈಪು ಮಾಡುವಂತೆಯೂ ಇರಲಿಲ್ಲ. ಮೇಲೊಂದು ಟವೆಲ್ಲು ಹೊದಿಸಿದೆವು. ಚಾಮುಂಡಮ್ಮನವರ ಆದೇಶ ಅದರಡಿಯಲ್ಲಿ ಅರ್ಧಕ್ಕೆ ನಿಂತಿತು.

“ಪಕ್ಕದ ಮನೇವ್ರು ಗೇಟಿಗೆ ಬೀಗ ಆಕ್ಬುಟ್ಟವ್ರೆ ಕಣಪ್ಪ” ಎಂದರು ಅವರು. “ಆ ಗಿಣಿ ಏನ್ ತಪ್ಪು ಮಾಡ್ತು?”

“ಸಹಾಯ ಮಾಡ್ಲಾ ಅಂತು.”

“ಮಾಡ್ತಾ?”

“ಇಲ್ಲ.”

“ಮತ್ತೆ ಯಾಕೆ ತಗೀತೀರಿ? ನಿಮ್ ಜೊತೇಲೇ ಇರ್ಲಿ ಬುಡಿ.”

ಇದನ್ನು ವಿಚಾರಣೆಯಲ್ಲಿ ಸಾಕ್ಷ್ಯವಾಗಿ ಪರಿಗಣಿಸಲಿಲ್ಲ. ಗಿಳಿ ವಜಾ ಆಯಿತು. ಮನೋಹರ್ ಎರಡು ಸಲ ಒತ್ತಿದ, ಹೋಯಿತು. ಈಗ ಹುದ್ದೆ ಖಾಲಿ. ಖಾಲಿ ಬಿಟ್ಟರೆ ಹುದ್ದೆ ರದ್ದಾಗುತ್ತದೆ. ಇರುವ ಹುದ್ದೆಯನ್ನು ಕಳೆದುಕೊಂಡ ಕಚೇರಿ ಎಂಬ ಹೆಸರು ಯಾರಿಗೂ ಬೇಡ. ಆದ್ದರಿಂದ ಪ್ರಭಾರ ನನಗೆ ಬಂತು. ನಾನು ಟೈಪು ಮಾಡಿದ ಕೊನೆಯ ಆದೇಶ ಅದೇ:

‘ಟೈಪಿಸ್ಟ್ ಮಂಟೇಸ್ವಾಮಿ ಇವರು ಕೌಂಟರಿನಲ್ಲಿ ನಿಂತು, ಬಂದವರನ್ನು ಸಹಾಯ ಬೇಕೇ ಎಂದು ಕೇಳತಕ್ಕದ್ದು. ಹಿಂದಿನ ನೌಕರರು ನಿರ್ವಹಿಸದ ಯಾವ ಕೆಲಸವನ್ನೂ ನಿರ್ವಹಿಸತಕ್ಕದ್ದಲ್ಲ.’

ಕೇಳಿದ್ದಕ್ಕೇ ಅಲ್ಲವೇ ಗಿಳಿಯನ್ನು ತೆಗೆದದ್ದು ಎನ್ನಬಹುದು. ಗಿಳಿ ಹುದ್ದೆ ಸಿಗುವ ಮೊದಲೇ ಕೇಳಿತ್ತು. ನಾನು ಹುದ್ದೆಯಲ್ಲಿದ್ದು ಕೇಳುತ್ತೇನೆ.

ಮಾರನೆಯ ಬೆಳಿಗ್ಗೆ ಚಾಮುಂಡಮ್ಮನವರು ಖಾಲಿ ಕೊಡದೊಂದಿಗೇ ಬಂದರು.

“ಸಹಾಯ ಮಾಡ್ಲಾ ಅಮ್ಮ?”

“ಊಂ.”

ನಾನು ತಲೆ ಕೆರೆದುಕೊಂಡೆ. ಅವರು ಕೊಡವನ್ನು ಕೌಂಟರಿನ ಮೇಲಿಟ್ಟರು.

“ಗಿಣಿಗಿಂತ ನೀನೇ ವಾಸಿ ಕಣಪ್ಪ. ಕನ್ನಡದಲ್ಲಿ ಕೇಳ್ತೀಯ.”

ಅಂದಿನಿಂದ ಅವರು ದಿನವೂ ಬರುತ್ತಾರೆ. ನಾನು ಕೇಳುತ್ತೇನೆ, ಅವರು ಊಂ ಎನ್ನುತ್ತಾರೆ, ಹಿತ್ತಲಿನ ಕಚೇರಿ ನಲ್ಲಿಯಲ್ಲಿ ಕೊಡ ತುಂಬಿಕೊಂಡು ಒಂಟಿಕೊಪ್ಪಲಿಗೆ ಹೊರಡುತ್ತಾರೆ. ಅದಕ್ಕೆ ಅನುಮತಿ ಬೇಕಿಲ್ಲ, ಏಕೆಂದರೆ ಯಾರೂ ಕೇಳಿಲ್ಲ. ಸಾಹೇಬರೇ ಒಮ್ಮೆ ಕೊಡ ಎತ್ತಿ ಸೊಂಟಕ್ಕೆ ಕೊಟ್ಟರು. ಆದೇಶ ಮಾತ್ರ ಕಂಪ್ಯೂಟರಿನಲ್ಲಿ ಅರ್ಧಕ್ಕೇ ಇದೆ. ಉಳಿದ ನಾಲ್ಕು ಸಾಲು ನಾನೇಕೆ ಟೈಪು ಮಾಡಬಾರದು ಎಂಬುದನ್ನು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ತಪ್ಪು ತಿಳಿಯುತ್ತೀರಿ. ಪ್ರಭಾರದಲ್ಲಿರುವ ದಿನಗೂಲಿ ನೌಕರನು ತನ್ನ ಮೂಲ ಕೆಲಸವನ್ನು ಮಾಡಿದಲ್ಲಿ, ಸದರಿ ಕೆಲಸವು ಯಾವ ಹುದ್ದೆಯಿಂದ

“ಮಂಟೇಸ್ವಾಮಿ, ಕೌಂಟರಲ್ಲಿ ಜನ ನಿಂತಿದಾರೆ ಕಣ್ರೀ, ಕೇಳ್ಬನ್ನಿ” ಎಂದು ಸಾಹೇಬರು ಕರೆಯುತ್ತಿದ್ದಾರೆ. ಹೋಗಿ ಬರುತ್ತೇನೆ. ತಡವಾಗುವುದಿಲ್ಲ, ಕೇಳುವುದಷ್ಟೆ.