ಕೆಡುತ್ತಿರುವ ಡಿಸ್ಕಿನ ಶಬ್ದ ಪರಿಶೀಲನೆ

ಮದ್ದೂರಿನ ಗ್ರಾಮೀಣ ಭಾವಚಿತ್ರ ಸಂಗ್ರಹಣಾ ಘಟಕದ ಏಕೈಕ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕು ಪಿತೃಪಕ್ಷಕ್ಕೆ ಇಪ್ಪತ್ತು ದಿನ ಮುಂಚೆ, ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ‘ಕಟ್ ಕಟ್’ ಎಂದಿತು. ಕಚೇರಿಯ ವೇಳೆ ಹತ್ತಕ್ಕೆ ಆರಂಭವಾದರೂ ನಾವು ಬರುವುದು ಹನ್ನೊಂದಕ್ಕೆ. ಆದ್ದರಿಂದ ಸದರಿ ಶಬ್ದವನ್ನು ಕರ್ತವ್ಯದ ವೇಳೆಯಲ್ಲಿ ಉಂಟಾದದ್ದೆಂದು ಪರಿಗಣಿಸಿ ವಹಿಯಲ್ಲಿ ನಮೂದಿಸಲಾಯಿತು. ನಮೂದಿಸಿದವನು ನಾನೇ, ದ್ವಿತೀಯ ದರ್ಜೆ ಸಹಾಯಕ ಅಂಕಯ್ಯ.

ನಮ್ಮ ಘಟಕದ ಬಗ್ಗೆ ಕೆಲವರು ಹಗುರವಾಗಿ ಮಾತಾಡುತ್ತಾರೆ. ಅವರ ಬಾಯಿಗೆ ನಾನು ಉತ್ತರ ಕೊಡುವುದಿಲ್ಲ, ಕಡತವೇ ಕೊಡುತ್ತದೆ. ಹಳ್ಳಿಗಳ ಕುಟುಂಬದ ಯಜಮಾನರ ಫೋಟೊ ತೆಗೆಯಲೆಂದು 2007ರಲ್ಲಿ ಘಟಕ ಆರಂಭವಾಯಿತು. ಯೋಜನೆ ಎರಡೇ ವರ್ಷಕ್ಕೆ ಮುಗಿಯಿತು. ಘಟಕ ಮುಚ್ಚುವ ಆದೇಶ ಬರಲಿಲ್ಲ, ನಾವೂ ಕೇಳಲಿಲ್ಲ. ಅಂದಿನಿಂದ, ಆಗ ತೆಗೆದಿದ್ದ ಹನ್ನೊಂದು ಸಾವಿರ ಫೋಟೊಗಳನ್ನು ಕಾಯುವುದು ನಮ್ಮ ಕೆಲಸ. ಒಂದೂ ಕಳುವಾಗಿಲ್ಲ, ಯಾಕೆಂದರೆ ಒಂದನ್ನೂ ಯಾರಿಗೂ ಕೊಟ್ಟಿಲ್ಲ. ಲ್ಯಾಪ್‌ಟಾಪು ಆ ಕಾಲದ್ದೇ, ಸುಮಾರು ನಾಲ್ಕು ಕೆಜಿ ತೂಗುತ್ತದೆ. ಬ್ಯಾಟರಿ 2011ರಲ್ಲೇ ತೀರಿಕೊಂಡಿತು. ಪಾಪ, ವೈರು ಹಿಡಿದುಕೊಂಡೇ ಇಷ್ಟು ವರ್ಷ ದೂಡಿದೆ.

ಅದೇ ಸೋಮವಾರ ಚಿಕ್ಕರಸಿನಕೆರೆಯ ಹೊಂಬಾಳಮ್ಮನ ಅರ್ಜಿ ಮಂಜೂರಾಗಿ ಬಂತು. ಆಯಮ್ಮ ಕೇಳಿದ್ದು ತೀರಿಕೊಂಡ ಗಂಡ ಚಿಕ್ಕಬೋರಯ್ಯನ ಫೋಟೊದ ಒಂದು ಪ್ರತಿ. ಅರ್ಜಿ ಕೊಟ್ಟು ಹದಿನಾಲ್ಕೇ ವರ್ಷವಾಗಿತ್ತು. ಮಧ್ಯಾಹ್ನಕ್ಕೆಲ್ಲ ಆಯಮ್ಮ ಬಸ್ಸಿಳಿದು ಬಂದೇಬಿಟ್ಟರು.

“ಅಂಕಣ್ಣ, ಪಕ್ಸ ಬತ್ತಾ ಅದೆ. ಈ ವರ್ಸನಾರೂ ಫೋಟೊ ಕೊಡ್ತೀಯೋ, ಇಲ್ಲಾ ಇನ್ನೂ ಗ್ವಾಡೆ ಮುಂದೇನೇ ಎಡೆ ಇಕ್ಲೋ?”

“ಮನೇಲಿ ಒಂದೂ ಫೋಟೊ ಇಲ್ವೇನಮ್ಮ?”

“ಎಲ್ಲೈತಪ್ಪ! ಓಟಿನ ಕಾರ್ಡು ಅಂಗಿ ಜೇಬಲ್ಲಿತ್ತು, ಅವ್ರ ಜೊತೇಲೇ ಮಣ್ಣಿಗೋಯ್ತು. ನೀನು ಇಸ್ಕೂಲ್ ಮುಂದೆ ನಿಲ್ಲಿಸ್ಕಂಡು ತೆಗ್ದಲ್ಲ, ಅದೊಂದೇ. ಅವ್ರು ಓಗಿ ಹದಿನಾರು ವರ್ಸ ಆಯ್ತು. ಮೊಖ ಮರ್ತೋಯ್ತಾ ಅದೆ ಕಣಪ್ಪ. ಮೀಸೆ ಗೆಪ್ತಿ ಅದೆ, ಕಣ್ಣು ಗೆಪ್ತಿಗೇ ಬರಾಕಿಲ್ಲ.”

ಆ ಫೋಟೊ ತೆಗೆದದ್ದು ನಾನೇ, ನಿಜ. ಚಿಕ್ಕಬೋರಯ್ಯ ಫ್ಲಾಷು ಬಿದ್ದ ಕೂಡಲೇ ಕಣ್ಣು ಮುಚ್ಚಿಬಿಡುತ್ತಿದ್ದ. “ಕಣ್ಣು ಬುಡಯ್ಯೋ” ಅಂತ ಗದರಿ ಗದರಿ ನಾಲ್ಕು ಸಲ ತೆಗೆದಿದ್ದೆ. ಕೊನೆಯದನ್ನು ಉಳಿಸಿದೆ. ಅದರಲ್ಲಿ ಕಣ್ಣು ಬಿಟ್ಟಿದ್ದನೋ ಮುಚ್ಚಿದ್ದನೋ, ಹನ್ನೊಂದು ಸಾವಿರದಲ್ಲಿ ನನಗೆಲ್ಲಿ ನೆನಪು?

ಮಳವಳ್ಳಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟಿರುವ ದೀಪಿಕಳನ್ನು ಕರೆಸಲಾಯಿತು. ಯಂತ್ರದ ಮೇಲೆ ಕಿವಿಯಿಟ್ಟು ಅರ್ಧ ನಿಮಿಷ ಕೇಳಿ, ಪಟ್ಟನೆ ಆಫ್ ಮಾಡಿದಳು.

“ಡಿಸ್ಕು ಹೋಗ್ತಾ ಇದೆ ಸಾರ್. ಇನ್ನು ನಾಕೈದು ಸಲ ಆನ್ ಆದ್ರೆ ನಿಮ್ಮ ಪುಣ್ಯ. ಎರಡು ಸ್ಕ್ರೂ ಬಿಚ್ಚಿ ಈಗ್ಲೇ ಎಲ್ಲಾ ಕಾಪಿ ಮಾಡ್ಕೊತೀನಿ. ಇಂಥದೇ ಹಳೇ ಮಾಡಲ್ ಡಿಸ್ಕು, ಬಳಸದೇ ಇರೋದು, ನನ್ನತ್ರ ಒಂದಿದೆ. ಹಾಕಿದ್ರೆ ಮುಗೀತು. ಅಲ್ಲೀವರ್ಗೂ ಸುಮ್ಸುಮ್ನೆ ಆನ್ ಮಾಡ್ಬೇಡಿ, ಕೈ ಮುಗೀತೀನಿ.”

ನಮ್ಮ ಅಧೀಕ್ಷಕರಾದ ರಾಮಾನುಜ ಅವರು ಕನ್ನಡಕ ಏರಿಸಿ ನಿಯಮಾವಳಿ ತೆಗೆದರು. ಅವರು ಎಂದೂ ದುಡುಕಿದವರಲ್ಲ.

“ನೋಡಮ್ಮ, ಕೆಟ್ಟಿದ್ದರೆ ಬದಲಾಯಿಸುವುದಕ್ಕೆ ನಿಯಮ ಇದೆ. ಕೆಡದೆ ಇದ್ದರೆ ಉಪಯೋಗಿಸುವುದಕ್ಕೆ ನಿಯಮ ಇದೆ. ಕೆಡುತ್ತಾ ಇದೆ ಅನ್ನುವುದಕ್ಕೆ ಇಲ್ಲಿ ಜಾಗವೇ ಇಲ್ಲವಲ್ಲ?”

“ಜಾಗ ಇಲ್ಲ ಅಂತ ಅದು ಕೆಡೋದು ಬಿಡುತ್ತಾ ಸಾರ್?”

“ವಸಿ ನಮ್ಮೆಜಮಾನ್ರುದ್ ಒಂದ್ ತೆಗ್ದು ಕೊಟ್ಬುಡಿ ಸಾಮಿ, ಮಿಕ್ಕಿದ್ದು ನಿಮ್ಮಿಷ್ಟ” ಎಂದರು ಹೊಂಬಾಳಮ್ಮ.

“ಸಂಶಯಾಸ್ಪದ ಡಿಸ್ಕಿನಿಂದ ತೆಗೆದದ್ದು ಸಂಶಯಾಸ್ಪದ ಪ್ರತಿಯಾಗುತ್ತದಮ್ಮ. ನಾಳೆ ನಿಮಗೆ ಬೇರೆ ಯಾರದೋ ಗಂಡನನ್ನು ಕೊಟ್ಟೆವು ಅಂತಾದರೆ ಜವಾಬ್ದಾರಿ ಯಾರು?”

ಮಂಡ್ಯದ ವಿಭಾಗ ಕಚೇರಿಗೆ ಬರೆದೆವು. ಎಂಟೇ ದಿನದಲ್ಲಿ ಸುತ್ತೋಲೆ ಬಂತು:

‘ಸದರಿ ಶಬ್ದವನ್ನು ಮದ್ದೂರು, ಮಳವಳ್ಳಿ ಹಾಗೂ ಮಂಡ್ಯದ ಮೂವರು ಅಧಿಕಾರಿಗಳು ಪ್ರತ್ಯೇಕವಾಗಿ, ಸ್ವಂತ ಕಿವಿಯಿಂದ ಕೇಳಿ ದೃಢೀಕರಿಸತಕ್ಕದ್ದು. ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಕೇಳಿದಂತೆ ಭಾವಿಸತಕ್ಕದ್ದಲ್ಲ. ಶಬ್ದ ಕೇಳಿಸದಿದ್ದಲ್ಲಿ ಕೇಳಿಸುವವರೆಗೂ ಯಂತ್ರವನ್ನು ಚಾಲನೆ ಮಾಡತಕ್ಕದ್ದು.’

ಮದ್ದೂರಿನ ಪರಿಶೀಲನೆಯನ್ನು ರಾಮಾನುಜರೇ ನಡೆಸಿದರು. ಅವರ ಕಿವಿಗೆ ಅದು ‘ಟಕ್ ಟಕ್’ ಎಂದು ಕೇಳಿಸಿತು. ನನ್ನ ವಹಿಯಲ್ಲಿ ‘ಕಟ್ ಕಟ್’ ಎಂದಿತ್ತು. ಎರಡು ದಾಖಲೆ ತಾಳೆಯಾಗಬೇಕಲ್ಲ, ಇನ್ನೊಮ್ಮೆ ಆನ್ ಮಾಡಿದೆವು. ಬಾಗಿಲಲ್ಲಿ ನಿಂತಿದ್ದ ದೀಪಿಕ ಎರಡು ಬೆರಳು ಮಡಚಿದಳು.

ಮಳವಳ್ಳಿಗೆ ಯಂತ್ರವನ್ನು ಬಸ್ಸಿನಲ್ಲಿ ಒಯ್ದೆ. ಹೊಂಬಾಳಮ್ಮನೂ ಹತ್ತಿಕೊಂಡರು. ರಸ್ತೆಯ ವಿಚಾರ ನಾನು ಹೇಳಬೇಕಾಗಿಲ್ಲ. ಎರಡನೆಯ ಗುಂಡಿಗೇ ಆಯಮ್ಮ ನನ್ನ ತೊಡೆಯ ಮೇಲಿದ್ದ ಲ್ಯಾಪ್‌ಟಾಪನ್ನು ಕಿತ್ತುಕೊಂಡು, ತಮ್ಮ ಮಡಿಲಲ್ಲಿಟ್ಟು ಸೆರಗು ಹೊದಿಸಿದರು.

“ಸರ್ಕಾರಿ ಸ್ವತ್ತು ಕಣಮ್ಮ ಅದು, ನಾನೇ ಹಿಡ್ಕೋಬೇಕು” ಎಂದೆ.

“ಸುಮ್ಕಿರಪ್ಪ. ಒಳಗಿರೋರು ನಿಂಗೇನಾಗ್ಬೇಕು?”

ಮಳವಳ್ಳಿಯ ಅಧಿಕಾರಿಗಳು ಬಲಗಿವಿಯಿಂದ ಕೇಳಿದರು, ಕೇಳಿಸಿತು. ಎಡಗಿವಿಯಿಂದ ಕೇಳಿದರು, ಕೇಳಿಸಲಿಲ್ಲ. ಸುತ್ತೋಲೆಯಲ್ಲಿ ಯಾವ ಕಿವಿ ಎಂದು ಹೇಳಿರಲಿಲ್ಲವಾದ್ದರಿಂದ ಎಡಗಿವಿಗಾಗಿ ಆರಿಸಿ ಮತ್ತೆ ಹಚ್ಚಲಾಯಿತು. ದೀಪಿಕಳ ನಾಲ್ಕು ಬೆರಳು ಮಡಚಿದ್ದವು. ಆಕೆ ಮೇಜಿನ ಕಾಲಿಗೊಂದು ಒದ್ದಳು.

ಮಹಾಲಯ ಅಮಾವಾಸ್ಯೆಗೆ ಎರಡು ದಿನ ಇದ್ದಾಗ ಎಲ್ಲರೂ ಮಂಡ್ಯದಲ್ಲಿ ಉಪನಿರ್ದೇಶಕರಾದ ಜಯಪ್ರಕಾಶ್ ಅವರ ಕೊಠಡಿಯಲ್ಲಿ ಸೇರಿದೆವು. ಸಾಹೇಬರು ದೊಡ್ಡ ಮನಸ್ಸಿನವರು.

“ಬರೀ ಶಬ್ದ ಕೇಳಿ ಏನ್ರೀ ಮಾಡೋದು? ಅದರಲ್ಲಿ ಉಳಿಸಿಕೊಳ್ಳೋ ಅಂಥದ್ದು ಏನಾದ್ರೂ ಇದೆಯೋ ಇಲ್ವೋ ಗೊತ್ತಾಗಬೇಕಲ್ಲ. ಒಂದು ಫೋಟೊ ತೆಗೆದು ತೋರಿಸಿ.”

ದೀಪಿಕ ಆನ್ ಮಾಡಿದಳು. ಕಟ್ ಕಟ್ ಎಂದಿತು, ನಿಂತಿತು, ಮತ್ತೆ ಎಂದಿತು. ಚಿಕ್ಕಬೋರಯ್ಯನ ಫೋಟೊ ನಂಬರು ಒತ್ತಿದಳು. ಫೋಟೊ ಮೇಲಿಂದ ಕೆಳಕ್ಕೆ ನಿಧಾನವಾಗಿ ಇಳಿಯತೊಡಗಿತು. ಮೊದಲು ಶಾಲೆಯ ಹೆಂಚು ಬಂತು, ಆಮೇಲೆ ತಲೆಗೆ ಸುತ್ತಿದ ಟವೆಲ್ಲು, ಆಮೇಲೆ ಹಣೆ.

“ಅಗೋ ಅವ್ರೇ! ಗಾಯದ ಗುರ್ತು ನೋಡು!” ಎಂದು ಹೊಂಬಾಳಮ್ಮ ಕುರ್ಚಿ ಹಿಡಿದು ಎದ್ದರು.

ದೀಪಿಕ ಸರಕ್ಕನೆ ಮೊಬೈಲು ಎತ್ತಿ ಪರದೆಗೆ ಹಿಡಿದಳು.

“ಏಯ್! ಕಚೇರಿ ದಾಖಲೆಯನ್ನು ಮೊಬೈಲಲ್ಲಿ ತೆಗೆಯೋ ಹಾಗಿಲ್ಲ!” ಎಂದರು ಸಾಹೇಬರು.

ನಾನು ಕೈಯಲ್ಲಿದ್ದ ಕಡತವನ್ನು ಪರದೆಗೆ ಅಡ್ಡ ಹಿಡಿದೆ. ಹದಿನೆಂಟು ವರ್ಷ ಸೇವೆ ಮಾಡಿದವನ ಕೈ ಅದು, ನನ್ನನ್ನು ಕೇಳಲಿಲ್ಲ.

ಕಟ್ ಎಂಬ ಒಂದೇ ಶಬ್ದ ಬಂತು. ಕಡತ ತೆಗೆದಾಗ ಪರದೆ ಕಪ್ಪಗಿತ್ತು. ದೀಪಿಕ ಡಿಸ್ಕು ಬಿಚ್ಚಿ, ಕಿವಿಯ ಬಳಿ ಅಲ್ಲಾಡಿಸಿ ನೋಡಿದಳು. “ಒಳಗೆ ಉಜ್ಜಿ ಪುಡಿಯಾಗಿದೆ. ಇನ್ನು ಯಾರ ಕೈಲೂ ಆಗಲ್ಲ” ಎಂದು ಮೇಜಿನ ಮೇಲಿಟ್ಟಳು.

ಕೊಠಡಿಯಲ್ಲಿ ಎಲ್ಲರಿಗೂ ಒಂದು ಬಗೆಯ ನಿರಾಳವಾಯಿತು. ರಾಮಾನುಜರು “ಈಗ ಸರಿಹೋಯಿತು, ಕೆಟ್ಟಿದೆ” ಎಂದರು. ಸಾಹೇಬರು ಸಹಿ ಹಾಕಿದರು. ದೀಪಿಕ ಹತ್ತು ನಿಮಿಷದಲ್ಲಿ ಖಾಲಿ ಡಿಸ್ಕು ಹಾಕಿದಳು. ಯಂತ್ರ ಚೂರೂ ಸದ್ದಿಲ್ಲದೆ ಓಡಿತು, ಎಲ್ಲರೂ ಮೆಚ್ಚಿದರು. ಹೊಂಬಾಳಮ್ಮ ಮಾತ್ರ ಕಪ್ಪು ಪರದೆ ಇದ್ದ ಕಡೆಗೇ ನೋಡುತ್ತ ನಿಂತಿದ್ದರು. ನಾನು ಕಡತವನ್ನು ಬೆನ್ನ ಹಿಂದೆ ಹಿಡಿದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಆದರೆ ಮಂಜೂರಾದ ಅರ್ಜಿಯನ್ನು ಇತ್ಯರ್ಥ ಮಾಡದೆ ಬಿಡುವಂತಿಲ್ಲ. ರಾಮಾನುಜರು ಅಲ್ಲೇ ಟಿಪ್ಪಣಿ ಬರೆಸಿದರು: ‘ಕೋರಿರುವ ಭಾವಚಿತ್ರವು ಸದರಿ ಡಿಸ್ಕಿನ ಒಳಗಿರುವುದು ನಿರ್ವಿವಾದ. ಆದ್ದರಿಂದ ಡಿಸ್ಕನ್ನು ವಿತರಿಸಿದಲ್ಲಿ ಭಾವಚಿತ್ರವನ್ನು ವಿತರಿಸಿದಂತೆಯೇ.’ ಹೆಬ್ಬೆಟ್ಟು ಪಡೆದು ಡಿಸ್ಕನ್ನು ಆಯಮ್ಮನ ಕೈಗೆ ಕೊಡಲಾಯಿತು. ಅವರು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು.

ಅಮಾವಾಸ್ಯೆಯ ದಿನ ನನಗೂ ಊಟಕ್ಕೆ ಹೇಳಿಕಳಿಸಿದ್ದರು. ಹೋಗಿ ನೋಡಿದರೆ ಗೋಡೆಯ ಗೂಡಿನಲ್ಲಿ ಡಿಸ್ಕಿಗೆ ಅರಿಸಿನ ಕುಂಕುಮ ಇಟ್ಟು ಚೆಂಡುಹೂವಿನ ಹಾರ ಹಾಕಿದ್ದರು. ಮುಂದೆ ಬಾಳೆಲೆಯಲ್ಲಿ ಮುದ್ದೆ, ಬಾಡಿನ ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ. ಬೀದಿಯಲ್ಲಿ ಜನ ಎಲೆ ಹಿಡಿದು ಸಾಲುಗಟ್ಟಿದ್ದರು. ತಮ್ಮ ಹಿರಿಯರೂ ಅದೇ ಡಿಸ್ಕಿನಲ್ಲಿದ್ದಾರಲ್ಲ, ಬೇರೆ ಎಲ್ಲಿ ಎಡೆ ಇಡೋಣ ಎಂಬುದು ಅವರ ವಾದ. ತೆಗೆದುಹಾಕುವಂಥ ವಾದವಲ್ಲ.

ರಾಮಾನುಜರು ಇದನ್ನು ಮೊದಲೇ ಊಹಿಸಿ ನನ್ನ ಕೈಲಿ ಪ್ರಕಟಣೆ ಕಳಿಸಿದ್ದರು: ‘ಡಿಸ್ಕಿನಲ್ಲಿದ್ದು, ಆದರೆ ಇನ್ನೂ ಬದುಕಿರುವ ವ್ಯಕ್ತಿಗಳು ಎಡೆಯನ್ನು ಸ್ವೀಕರಿಸತಕ್ಕದ್ದಲ್ಲ. ಅಂಥವರು ಜೀವಂತ ಪ್ರಮಾಣಪತ್ರ ಸಲ್ಲಿಸಿ ಸಾಮಾನ್ಯ ಪಂಕ್ತಿಯಲ್ಲಿ ಊಟ ಮಾಡಬಹುದು.’ ಕ್ಯಾಮೆರಾ ಪರೀಕ್ಷೆಗೆಂದು ತೆಗೆದ ಮೊದಲ ಫೋಟೊ ನನ್ನದೇ ಆಗಿದ್ದರಿಂದ ನಾನೂ ಪ್ರಮಾಣಪತ್ರ ತೋರಿಸಿ ಕುಳಿತೆ. ಊಟ ಚೆನ್ನಾಗಿತ್ತು.

ಎಲ್ಲರೂ ಎದ್ದ ಮೇಲೆ ಹೊಂಬಾಳಮ್ಮ ನನ್ನ ಪಕ್ಕ ಬಂದು ಕುಕ್ಕರಿಸಿದರು.

“ಅಂಕಣ್ಣ, ಒಂದ್ ಮಾತು. ಅವತ್ತು ಹಣೆಗಂಟ ನಾನು ನೋಡ್ದೆ. ಆಮೇಕೆ ನೀನು ಕಡತ ಹಿಡ್ದಲ್ಲ, ಆ ಕಡೆ ನಿಂತಿದ್ದೋನು ನೀನೇಯ. ನಿಜ ಏಳು, ಕಣ್ಣು ಬುಟ್ಟಿದ್ರಾ?”

ನಾನು ನೋಡಿರಲಿಲ್ಲ. ಕಡತದ ಮೇಲಿನ ಕ್ರಮಸಂಖ್ಯೆ ನೋಡುತ್ತಿದ್ದೆ.

“ಬುಟ್ಟಿದ್ರು ಕಣಮ್ಮ” ಎಂದೆ.

“ಬರ್ಕೊಡು ಅಂಗಾರೆ.”

ಚೀಲದಲ್ಲಿ ಕಚೇರಿಯ ಹಾಳೆಯೂ ಮೊಹರೂ ಇದ್ದವು. ‘ಚಿಕ್ಕರಸಿನಕೆರೆ ಗ್ರಾಮದ ದಿವಂಗತ ಚಿಕ್ಕಬೋರಯ್ಯನವರ ಎರಡೂ ಕಣ್ಣುಗಳು ತೆರೆದಿದ್ದವೆಂದೂ, ಅವರು ನೇರವಾಗಿ ನೋಡುತ್ತಿದ್ದರೆಂದೂ ಈ ಮೂಲಕ ದೃಢೀಕರಿಸಲಾಗಿದೆ’ ಎಂದು ಬರೆದು ಮೊಹರು ಒತ್ತಿದೆ. ಆಯಮ್ಮನಿಗೆ ಓದು ಬರುವುದಿಲ್ಲ. ಮೊಹರಿನ ಮೇಲೆ ಬೆರಳಾಡಿಸಿ, ಹಾಳೆಯನ್ನು ಡಿಸ್ಕಿಗೆ ಒರಗಿಸಿಟ್ಟು, ಬಹಳ ಹೊತ್ತು ಅದನ್ನೇ ನೋಡಿದರು.

ಹದಿನೆಂಟು ವರ್ಷಗಳ ಸೇವೆಯಲ್ಲಿ ನಾನು ಮೇಲಿನವರ ಅನುಮೋದನೆ ಇಲ್ಲದೆ ಕೊಟ್ಟ ಪ್ರಮಾಣಪತ್ರ ಇದೊಂದೇ. ಅದರ ಕಚೇರಿ ಪ್ರತಿಯನ್ನು ಹೊಸ ಡಿಸ್ಕಿಗೆ ಹಾಕಿದ್ದೇನೆ. ಸದ್ಯಕ್ಕೆ ಅದರಲ್ಲಿ ಬೇರೇನೂ ಇಲ್ಲ.