ಗಾಳಕ್ಕೆ ಕಟ್ಟಿದ ಅಕ್ಷರ

ಎವ್ಲಾಂಪಿ ಕುಜ್ಮಿಚ್‌ಗೆ ಮೀನು ಹಿಡಿಯುವ ಚಟವೊಂದು ಇರದಿದ್ದರೆ, ಆ ದಿನವೂ ಅವನು ಎಂದಿನಂತೆ ಎರಡು ಲೋಟ ಚಹಾ ಕುಡಿದು, ಮಧ್ಯಾಹ್ನದವರೆಗೆ ಅಚ್ಚುಮೊಳೆ ಜೋಡಿಸಿ, ಊಟವಾದ ಮೇಲೆ ಕಾಗದದ ಕಟ್ಟಿಗೆ ತಲೆಯಾನಿಸಿ ಸಣ್ಣದೊಂದು ನಿದ್ದೆ ತೆಗೆದಿರುತ್ತಿದ್ದ.

ವೋಲ್ಗಾ ದಂಡೆಯ ಆ ಊರಿನ ಅಚ್ಚುಕೂಟದಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಮೊಳೆ ಜೋಡಿಸುತ್ತಿದ್ದ. ತ್ಸಾರ್ ಹೋಗಿ ಹೊಸ ಸರ್ಕಾರ ಬಂದಿತ್ತು. ಹೋದ ವರ್ಷ ಆ ಸರ್ಕಾರ ಅಕ್ಷರಮಾಲೆಯಿಂದ ‘ಯಾತ್’ ಎಂಬ ಅಕ್ಷರವನ್ನು ಹೊರಗೆ ಹಾಕಿತು. ಗುಮ್ಮಟದ ಮೇಲೆ ಶಿಲುಬೆ ನೆಟ್ಟಂತಿದ್ದ ಅಕ್ಷರ ಅದು. ಬಾಯಲ್ಲಿ ಹೇಳಿದರೆ ಅದಕ್ಕೂ ‘ಯೆ’ಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎಲ್ಲಿ ಅದು, ಎಲ್ಲಿ ಇದು ಎಂಬುದನ್ನು ಮಕ್ಕಳು ಅತ್ತು ಅತ್ತು ಬಾಯಿಪಾಠ ಮಾಡಬೇಕಿತ್ತು. ಎವ್ಲಾಂಪಿಯ ಎಡಗಿವಿ ಬಲಗಿವಿಗಿಂತ ತುಸು ಉದ್ದವಾಗಿದ್ದುದಕ್ಕೆ ಆ ಅಕ್ಷರವೂ ಅದನ್ನು ಕಲಿಸಿದ ನಿಕಾನೋರ್ ಮೇಷ್ಟ್ರೂ ಸಮಪಾಲು ಕಾರಣ.

ಕೆಲಸ ಕಳಕೊಂಡ ಯಾತ್‌ಗಳು ಖಾನೆಯಲ್ಲಿ ಸುಮ್ಮನೆ ಬಿದ್ದಿದ್ದವು. ಒಳ್ಳೆ ಸೀಸ. ಸಾಲದ್ದಕ್ಕೆ ಪ್ರತಿ ಮೊಳೆಯ ಮೈಯಲ್ಲೂ ಒಂದು ಗೀರು. ದಾರ ಕಟ್ಟಿದರೆ ಜಾರುವುದಿಲ್ಲ. ಗಾಳ ಮುಳುಗಿಸುವುದಕ್ಕೆಂದೇ ಯಾರೋ ಮಾಡಿಟ್ಟ ಹಾಗಿತ್ತು. ಎವ್ಲಾಂಪಿ ತನಗೊಂದು ಹತ್ತು ತಂದ. ನೋಡಿದವರು ತಮಗೂ ಕೇಳಿದರು. ಅವನಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಅಚ್ಚುಕೂಟಕ್ಕೆ ಝಾಲ್ನಿನ್ ಬಂದ. ಮೊದಲು ನಾವಿಕನಾಗಿದ್ದವನು, ಈಗ ತಪಾಸಣೆಯ ಅಧಿಕಾರಿ. ಗಡಿಯಾರ ಸರಿಯಾದ ಹೊತ್ತು ತೋರಿಸಿದರೆ, ಇದಕ್ಕೆ ಯಾರು ಹೇಳಿಕೊಟ್ಟರು ಎಂದು ಕೇಳುವಂಥ ಮುಖ ಅವನದು. ಹಳೇ ಮಾಲೀಕನ ಲೆಕ್ಕದ ಪುಸ್ತಕದಲ್ಲಿ ಯಾತ್ ನಾನೂರು ಎಂದಿದೆ, ಸಂಜೆ ಆರಕ್ಕೆ ಅಷ್ಟೂ ತನ್ನ ಮೇಜಿನ ಮೇಲಿರಬೇಕು ಎಂದ.

“ಒಂದೆರಡು ಕಮ್ಮಿಯಾದ್ರೆ, ಕಾಮ್ರೇಡ್?”

“ಕಮ್ಮಿಯಾದವು ಯಾವುದೋ ನೆಲಮಾಳಿಗೇಲಿ ತ್ಸಾರನ ಪರ ಕರಪತ್ರ ಹೊಡೀತಿವೆ ಅಂತ ಅರ್ಥ. ಅದು ಯಾರ ನೆಲಮಾಳಿಗೆ ಅಂತ ನೀವು ಜೈಲಲ್ಲಿ ಕೂತು ನಿಧಾನಕ್ಕೆ ನೆನಪಿಸ್ಕೋಬಹುದು.”

ಅವನು ಅತ್ತ ಹೋದದ್ದೇ ಎವ್ಲಾಂಪಿ ಖಾನೆ ಸುರಿದು ಎಣಿಸಿದ. ಇನ್ನೂರ ಅರವತ್ತಮೂರು ಇದ್ದವು. ಉಳಿದ ನೂರ ಮೂವತ್ತೇಳು ಊರಿನವರ ಗಾಳದಲ್ಲಿ.

ಮೊದಲು ಸಿಕ್ಕಿದವನು ಪಕ್ಕದ ಮನೆಯ ಚಮ್ಮಾರ ಪ್ರೋಖೋರ್. ಗಾಳದ ಗುಂಡುಗಳನ್ನು ವಾಪಸು ಕೊಡು ಎಂದು ಎವ್ಲಾಂಪಿ ಕೇಳಿದ್ದೇ ತಡ, ಪ್ರೋಖೋರ್ ಸುತ್ತಿಗೆ ಕೆಳಗಿಟ್ಟ.

“ಗಾಳವೇ? ನಾನು ಮೀನೇ ತಿನ್ನಲ್ಲವಲ್ಲ, ಕುಜ್ಮಿಚ್.”

ಅವನ ಗಡ್ಡದಲ್ಲಿ ಮೀನಿನ ಪೊರೆಯೊಂದು ಬೆಳ್ಳಿಯಂತೆ ಹೊಳೆಯುತ್ತಿತ್ತು. ಪ್ರೋಖೋರ್ ಹೆದರಲು ಬೇರೆ ಕಾರಣವೂ ಇತ್ತು. ಊರಿನ ಇನ್ನೊಂದು ಅಚ್ಚುಕೂಟದ ಮಾಲೀಕ ಓಡಿಹೋದಾಗ ಅಲ್ಲಿದ್ದ ಸೀಸದ ಮೊಳೆಗಳೆಲ್ಲ ಒಂದೇ ಬೆಳಿಗ್ಗೆಯಲ್ಲಿ ಮಾಯವಾಗಿದ್ದವು. ಆ ವಿಚಾರವನ್ನು ಊರಲ್ಲಿ ಯಾರೂ ಎತ್ತುತ್ತಿರಲಿಲ್ಲ.

ವಿಧವೆ ಉಲ್ಯಾನಾ ಬಾಗಿಲನ್ನು ಮೂಗು ತೂರುವಷ್ಟೇ ತೆರೆದಳು.

“ಯಾರು ಕಳಿಸಿದ್ರು ನಿನ್ನ?”

“ಯಾರೂ ಇಲ್ಲಮ್ಮ, ನಾನೇ ಬಂದೆ.”

“ನೀನೇ ಬಂದೆಯಾ? ಹಾಗಾದ್ರೆ ವಿಷಯ ದೊಡ್ಡದೇ ಇರಬೇಕು,” ಎಂದು ಮೂಗನ್ನು ಒಳಗೆಳೆದುಕೊಂಡಳು.

ಕೊನೆಗೆ ನಿಕಾನೋರ್ ಮೇಷ್ಟ್ರ ಮನೆ. ಮಕ್ಕಳಿಗೆ ಕಲಿಸುವ ಅಚ್ಚುಗಳ ಪೆಟ್ಟಿಗೆಯೇ ಅವರಲ್ಲಿತ್ತು. ನಲವತ್ತು ವರ್ಷ ಕಿವಿ ಹಿಂಡಿ ಆ ಅಕ್ಷರ ಕಲಿಸಿದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

“ಯಾತ್ ಅಂದೆಯಾ? ಅದೆಂಥದಪ್ಪ? ನಾನು ಕೇಳಿದ್ದೇ ಇಲ್ಲ.”

ಎವ್ಲಾಂಪಿಯ ಎಡಗಿವಿ ತಾನಾಗಿ ಬಿಸಿಯಾಯಿತು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಅವನಿಗಿಂತ ಮುಂದೆ ನಡೆಯತೊಡಗಿತ್ತು. ಯಾರ ಮನೆಯಲ್ಲಿ ಆ ಅಕ್ಷರ ಇದೆ ಎಂದು ಎವ್ಲಾಂಪಿ ಪಟ್ಟಿ ಮಾಡುತ್ತಿದ್ದಾನೆ, ಪಟ್ಟಿ ಸಂಜೆ ಆರಕ್ಕೆ ಝಾಲ್ನಿನ್ ಕೈ ಸೇರುತ್ತದೆ ಎಂದು. ಅವನು ಬೀದಿಗೆ ಕಾಲಿಟ್ಟರೆ ಕಿಟಕಿಯ ಪರದೆಗಳು ಕಣ್ಣು ಮುಚ್ಚುತ್ತಿದ್ದವು. ಎದುರು ಬಂದವರು ನಮಸ್ಕಾರವನ್ನೂ ಅರ್ಧಕ್ಕೇ ನುಂಗಿಕೊಂಡು ದಾಟಿದರು.

ನಾಲ್ಕು ಗಂಟೆಗೆ ಖಾಲಿ ಬುಟ್ಟಿ ಹಿಡಿದು ಮನೆಗೆ ಬಂದವನ ಮುಂದೆ ಹೆಂಡತಿ ಗ್ಲಫೀರಾ ಕೋಸಿನ ಸಾರು ಇಟ್ಟಳು. ನಾಳೆಯಿಂದ ಈ ಸಾರೂ ಇಲ್ಲ ಎಂದು ಅವನು ಚಮಚ ಕೆಳಗಿಟ್ಟ.

“ಮುಖ ನೋಡಿ ಕೇಳಿದ್ರೆ ಯಾರು ಕೊಡ್ತಾರೆ?” ಎಂದಳು ಅವಳು. “ಬುಟ್ಟಿ ಹೊರಗಿಡು. ಬಾಗಿಲು, ಕಿಟಕಿ ಎರಡೂ ಹಾಕು. ನೀನು ನೋಡಲ್ಲ ಅಂತ ಗೊತ್ತಾದ್ರೆ ತಾವಾಗಿ ತಂದು ಹಾಕ್ತಾರೆ.”

ಹಾಗೇ ಮಾಡಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕಳ್ಳಹೆಜ್ಜೆ, ಟಣ್ ಎಂಬ ಸದ್ದು, ಓಡುವ ಹೆಜ್ಜೆ. ಮತ್ತೆ ಟಣ್. ಸಂಜೆಯಾಗುತ್ತಾ ಸದ್ದು ತಗಡಿನ ಮಾಡಿಗೆ ಆಲಿಕಲ್ಲು ಬಿದ್ದಂತಾಯಿತು. ಎವ್ಲಾಂಪಿ ಸಾರು ಮುಗಿಸಿ ಇನ್ನೊಂದು ಬಟ್ಟಲು ಹಾಕಿಸಿಕೊಂಡ.

ಆರಕ್ಕೆ ಕಾಲು ಗಂಟೆ ಇರುವಾಗ ಬಾಗಿಲು ತೆರೆದರೆ ಬುಟ್ಟಿ ಮುಕ್ಕಾಲು ತುಂಬಿತ್ತು. ರೊಟ್ಟಿ ಅಂಗಡಿಯ ಫಲಕದಿಂದ ಕಿತ್ತ ಅಂಗೈಯಗಲದ ತಗಡಿನ ಯಾತ್ ಕೂಡ ಅದರಲ್ಲಿತ್ತು. ಎಣಿಸಲು ಹೊತ್ತಿರಲಿಲ್ಲ. ದಾರಿಯಲ್ಲಿ ಅಚ್ಚುಕೂಟಕ್ಕೆ ಹೊಕ್ಕು, ಖಾನೆಯಲ್ಲಿದ್ದವನ್ನೂ ಅದಕ್ಕೇ ಸುರಿದು ಝಾಲ್ನಿನ್ ಕಚೇರಿಗೆ ಓಡಿದ.

ಝಾಲ್ನಿನ್ ಒಂದೊಂದಾಗಿ ಎಣಿಸಿದ. ಮುನ್ನೂರು ದಾಟಿತು. ಮುನ್ನೂರ ತೊಂಬತ್ತು. ನಾನೂರಕ್ಕೆ ಎವ್ಲಾಂಪಿ ಬೆಳಗಿನಿಂದ ಹಿಡಿದಿದ್ದ ಉಸಿರು ಬಿಟ್ಟ. ಝಾಲ್ನಿನ್ ಮುಖದಲ್ಲಿ ನಿರಾಶೆ ಕಂಡಿತು. ಆದರೆ ಅವನ ಕೈ ಮತ್ತೆ ಬುಟ್ಟಿಗೆ ಹೋಯಿತು.

ನಾನೂರ ಒಂದು. ನಾನೂರ ಎರಡು. ಐನೂರಕ್ಕೆ ಅವನ ಮುಖ ಅರಳಿತು. ತಗಡಿನ ಅಕ್ಷರವೂ ಸೇರಿ ಆರುನೂರ ಹನ್ನೆರಡಕ್ಕೆ ಬುಟ್ಟಿ ಮುಗಿಯಿತು.

“ನಾನೂರು ಅಚ್ಚುಕೂಟದ್ದು,” ಎಂದ ಝಾಲ್ನಿನ್. “ಈ ಇನ್ನೂರ ಹನ್ನೆರಡು?”

“ನಾನು ನೋಡಿಲ್ಲ, ಕಾಮ್ರೇಡ್. ಬಾಗಿಲು, ಕಿಟಕಿ ಎಲ್ಲ ಹಾಕಿತ್ತು.”

“ಬಾಗಿಲು, ಕಿಟಕಿ ಹಾಕಿದ ಮನೇಲಿ ಇನ್ನೂರ ಹನ್ನೆರಡು ನಿಷೇಧಿತ ಅಕ್ಷರ.” ಅವನು ಪೆನ್ಸಿಲ್ಲಿನ ತುದಿಯನ್ನು ನಾಲಗೆಗೆ ತಾಗಿಸಿದ. “ಅದಕ್ಕೆ ನಾವು ಗುಪ್ತ ಅಚ್ಚುಕೂಟ ಅಂತೀವಿ.”

ಅಷ್ಟರಲ್ಲಿ ಬಾಗಿಲು ದೂಡಿಕೊಂಡು ಗ್ಲಫೀರಾ ಏದುಸಿರು ಬಿಡುತ್ತ ಬಂದಳು. ಮಡಿಲುಗಟ್ಟಿದ ಏಪ್ರನ್ನು ಭಾರಕ್ಕೆ ಮೊಣಕಾಲವರೆಗೆ ಜೋತಿತ್ತು.

“ಕಮ್ಮಿ ಬಿತ್ತೇನೋ ಅಂತ ಓಡಿ ಬಂದೆ, ಕುಜ್ಮಿಚ್,” ಎಂದು ಅಷ್ಟನ್ನೂ ಮೇಜಿನ ಮೇಲೆ ಸುರಿದಳು. “ನೀನು ಈ ಕಡೆ ಬಂದ ಮೇಲೆ ಇನ್ನೂ ಇಷ್ಟು ಬಂತು.”

ಝಾಲ್ನಿನ್ ಹೊಸ ಹಾಳೆ ತಿರುವಿದ.