ಇಪ್ಪತ್ತೇಳು ಇಂಚಿನ ನವಿಲು

ಮೀರಾಸಾಬ: ಇಪ್ಪತ್ನಾಲ್ಕು ಅಂದ್ರ ಇಪ್ಪತ್ನಾಲ್ಕು ಇರಬೇಕ್ರಿ. ಇಲ್ಲಿ ನೋಡ್ರಿ, ಎರಡು ಗೇಣು, ಮ್ಯಾಲ ನಾಕು ಬೆರಳು. ನನ್ನ ಗೇಣು ಒಂಬತ್ತಿಂಚು. ಇದು ಇಪ್ಪತ್ತೊಂದ ಐತಿ. ಉಳದ ಮೂರು ಇಂಚು ಎಲ್ಲಿ ಹೋತು?

ಪರಮಾನಂದ: ಎಲ್ಲೂ ಹೋಗಿಲ್ರಿ ಮಾಸ್ತರ್ರ. ಮಾನಿಟರನ್ನ ಅಡ್ಡ ಅಳೆಯಂಗಿಲ್ಲ. ಕೆಳಗಿನ ಈ ಮೂಲಿಯಿಂದ ಮ್ಯಾಲಿನ ಆ ಮೂಲಿಗೆ ಅಳೀತಾರ.

ಮೀರಾಸಾಬ: ಮೂಲಿಯಿಂದ ಮೂಲಿಗೆ?

ಪರಮಾನಂದ: ಹೌದ್ರಿ. ಜಗತ್ತಿನ ತುಂಬ ಹಿಂಗ ಐತಿ.

ಮೀರಾಸಾಬ: ಹಂಗಾರ ನಾಳಿ ನಿಮ್ಮ ಅಂಗಿ ಅಳತಿ ಎಡಗಡೆ ಹೆಗಲಿಂದ ಬಲಗಡೆ ಸೊಂಟಕ್ಕ ತಗೋತೇನಿ, ಕಂಡಕ್ಟರ ಚೀಲ ಹಾಕ್ಕೊಂಡಂಗ. ಆ ಅಂಗಿ ತೊಟ್ಕೊಂಡು ಅಡ್ಯಾಡ್ತೀರೇನು?

ಅಬಿದಾ: ಅಲ್ರಿ, ನೀವು ಮಾನಿಟರ ತಗೊಳ್ಳಾಕ ಬಂದೀರೋ, ಅದಕ್ಕ ಅಂಗಿ ಹೊಲ್ಯಾಕ ಬಂದೀರೋ?

ಸಿಂದಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಪರಮಾನಂದನ ಕಂಪ್ಯೂಟರ್ ಅಂಗಡಿ. ಟೇಬಲ್ಲಿನ ಮೇಲೆ ಇಪ್ಪತ್ತೆರಡು, ಇಪ್ಪತ್ನಾಲ್ಕು, ಇಪ್ಪತ್ತೇಳು ಇಂಚಿನ ಮೂರು ಮಾನಿಟರುಗಳು ಸಾಲಾಗಿ ನಿಂತಿದ್ದವು. ಟೇಬಲ್ಲಿನ ಈಚೆ ಟೇಲರ್ ಮೀರಾಸಾಬ ಮತ್ತು ಅವನ ಹೆಂಡತಿ ಅಬಿದಾ, ಆಚೆ ಸ್ಟೂಲಿನ ಮೇಲೆ ಪರಮಾನಂದ. ಬಂದು ಮುಕ್ಕಾಲು ಗಂಟೆಯಾಗಿತ್ತು, ಎರಡು ಸಲ ಚಹಾ ಆಗಿತ್ತು, ಇನ್ನೂ ಒಂದು ಇಂಚೂ ವ್ಯಾಪಾರವಾಗಿರಲಿಲ್ಲ.

ಗಂಡ ಹೆಂಡತಿ ಕೂಡಿ ನಡೆಸುವ ಅಂಗಡಿ ಅವರದು. ಮೀರಾಸಾಬ ಬಟ್ಟೆ ಕತ್ತರಿಸಿ ಹೊಲಿಯುತ್ತಾನೆ. ಅಬಿದಾ ಕಂಪ್ಯೂಟರಿನಲ್ಲಿ ಹೂವು, ಬಳ್ಳಿ, ಹಕ್ಕಿ ಬರೆದು ಕಸೂತಿ ಯಂತ್ರಕ್ಕೆ ಕೊಡುತ್ತಾಳೆ, ಯಂತ್ರ ಅದನ್ನು ಜಂಪರಿನ ತೋಳಿಗೆ ಕೂರಿಸುತ್ತದೆ. ಯಂತ್ರ ಓಡಿಸುವ ಮೊದಲು ಮೀರಾಸಾಬ ಪರದೆಯನ್ನೊಮ್ಮೆ ನೋಡಿ “ನಡೀಲಿ” ಅನ್ನಬೇಕು. ಅವನು ಅನ್ನದೆ ಒಂದು ದಾರವೂ ಅಲುಗುವಂತಿರಲಿಲ್ಲ. ಹದಿನೈದು ಇಂಚಿನ ಹಳೆಯ ಮಾನಿಟರು ಮೊನ್ನೆ ಬುಸ್ ಎಂದು ಕಣ್ಣು ಮುಚ್ಚಿತ್ತು. ಲಗ್ನದ ಹಂಗಾಮು ಬೇರೆ.

ಆದರೆ ಮೀರಾಸಾಬನ ಸಂಕಟ ಇಂಚಿನದಲ್ಲ. ಮೂರು ತಿಂಗಳಿಂದ ಹತ್ತಿರದ್ದೇನೂ ಅವನಿಗೆ ನೆಟ್ಟಗೆ ಕಾಣುತ್ತಿರಲಿಲ್ಲ. ಸೂಜಿಯ ಕಣ್ಣು ಕಾಣದು, ಟೇಪಿನ ಅಂಕಿ ಕಾಣದು, ಅದಕ್ಕೇ ಈಚೆಗೆ ಎಲ್ಲವನ್ನೂ ಗೇಣಿನಲ್ಲಿ ಅಳೆಯುತ್ತಿದ್ದ. ಚಾಳೀಸು ಕನ್ನಡಕ ಹಾಕಿಕೊಳ್ಳೋಣವೆಂದರೆ ಪಕ್ಕದ ಓಣಿಯ ಟೇಲರ್ ನಬಿಲಾಲನ ಗತಿ ಕಣ್ಣ ಮುಂದಿತ್ತು. ನಬಿಲಾಲ ಚಾಳೀಸು ಹಾಕಿದ ವಾರಕ್ಕೇ ಜನ “ಟೇಲರಗ ವಯಸ್ಸಾತು” ಅಂದರು, ಈಗ ಅವನ ಅಂಗಡಿಗೆ ಬರುವುದು ದಿಂಬಿನ ಚೀಲ ಮಾತ್ರ. ಅದೂ ಅಲ್ಲದೆ ಪರಮಾನಂದನ ಬಾಯಿ ಬಸ್ ನಿಲ್ದಾಣದ ಧ್ವನಿವರ್ಧಕ. ಇಲ್ಲಿ ಬೆಳಿಗ್ಗೆ ಬಿದ್ದ ಮಾತು ಮಧ್ಯಾಹ್ನಕ್ಕೆ ಮೋರಟಗಿ, ಸಂಜೆಗೆ ಇಂಡಿ ಮುಟ್ಟುತ್ತಿತ್ತು. ದೊಡ್ಡ ಪರದೆ ಬೇಕೇ ಬೇಕು, ಆದರೆ ಬೇಕು ಎಂದು ತಾನು ಹೇಳಬಾರದು. ಹೀಗಾಗಿ ಮೀರಾಸಾಬ ಇಂಚಿನ ಜಗಳ ತೆಗೆದು ಕೂತಿದ್ದ.

ಮೀರಾಸಾಬ: ಮಾತಿನ ಪ್ರಕಾರ ಇಪ್ಪತ್ನಾಲ್ಕು ಇಂಚು ಅಗಲ ಇದ್ದದ್ದು ಕೊಡ್ರಿ.

ಪರಮಾನಂದ: ಹಂಗಂದ್ರ ಇಪ್ಪತ್ತೇಳರದು ತಗೋಬೇಕಾಗ್ತೈತ್ರಿ. ಅದರ ಅಗಲ ಇಪ್ಪತ್ತಮೂರೂವರಿ ಐತಿ.

ಮೀರಾಸಾಬ: ನೋಡ್ದೇನು ಅಬಿದಾ? ನನಗ ದೊಡ್ಡದು ಬೇಕಂತಲ್ಲ. ಲೆಕ್ಕಕ್ಕ ಬರೂದು ಅದು ಒಂದ.

ಅಬಿದಾ: ಏನೂ ಬ್ಯಾಡ. ಅಣ್ಣಾರ, ಇಪ್ಪತ್ತೆರಡರದು ಸಾಕು, ಕಟ್ಟ್ರಿ. ನನಗ ಎಲ್ಲಾ ಛಲೋ ಕಾಣ್ತೈತಿ.

ಮೀರಾಸಾಬ: ನನಗೂ ಕಾಣ್ತೈತಿ. ನನಗೇನು ಕಾಣಂಗಿಲ್ಲಂದ್ನೇನು? ನಿನಗ ಬೇಕಂದ್ರ ದೊಡ್ಡದು ತಗೋ, ನಾ ಬ್ಯಾಡನ್ನಂಗಿಲ್ಲ.

ಅಬಿದಾ: ನನಗ್ಯಾಕ್ರಿ? ನಿಮಗ ಬೇಕಂದ್ರ ನೀವು ತಗೋರಿ. ನಾ ಬ್ಯಾಡನ್ನಂಗಿಲ್ಲ.

ಮೀರಾಸಾಬ: ನೀ ಬೇಕನ್ನು, ತಗೋತೇನಿ.

ಅಬಿದಾ: ನೀವು ಬೇಕನ್ರಿ, ತಗೋತೇನಿ.

ಪರಮಾನಂದ: ಇಬ್ಬರಿಗೂ ಬ್ಯಾಡಂದ್ರ ಸಣ್ಣದು ಕಟ್ಲ್ಯಾ?

ಇಬ್ಬರೂ: ತಡೀರಿ.

ಪರಮಾನಂದ ಕೈಯಲ್ಲಿದ್ದ ಸುತಳಿಯನ್ನು ಕೆಳಗಿಟ್ಟ. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಅವನು ದೊಡ್ಡದು ಬೇಕೆನ್ನುವ ಗಂಡನನ್ನೂ ಬೇಡವೆನ್ನುವ ಹೆಂಡತಿಯನ್ನೂ ಕಂಡಿದ್ದ. ಇಬ್ಬರೂ ಬೇಡವೆನ್ನುತ್ತ ಇಬ್ಬರೂ ಏಳದೆ ಕೂತ ಜೋಡಿ ಇದೇ ಮೊದಲು.

ಪರಮಾನಂದ: ಒಂದು ಕೆಲಸ ಮಾಡೂಣು. ಸಣ್ಣದರಾಗ ಒಂದೀಟು ಅಕ್ಷರ ಹಾಕ್ತೇನಿ. ಮಾಸ್ತರ್ರ, ಓದ್ರಿ ನೋಡೂಣು.

ಮೀರಾಸಾಬ: ಇದನ್ನ? ಇದನ್ನೇನು ಓದೂದೈತ್ರಿ.

ಪರಮಾನಂದ: ಓದ್ರಿ ಅಂದ್ರ.

ಮೀರಾಸಾಬ: ನಾ ಓದಿದ್ರ ದಿಮಾಕು ಮಾಡ್ಯಾನ ಅಂತೀರಿ. ಅಬಿದಾ, ನೀ ಓದು.

ಅಬಿದಾ: ಹಿರೇರು ಇರಬೇಕಾದ್ರ ನಾ ಹೆಂಗ ಓದ್ಲಿ?

ಮೀರಾಸಾಬ: ಮನ್ಯಾಗ ಈ ಮರ್ಯಾದಿ ಎಲ್ಲಿ ಇಟ್ಟಿರ್ತಿ?

ಅಬಿದಾ: ಅಂಗಡಿಗೆ ಬಂದಾಗ ತಗೀತೇನ್ರಿ.

ಪರಮಾನಂದ: ಭಾಬಿ, ಒಂದ ಸಾಲು ಐತ್ರಿ.

ಅಬಿದಾ: ಒಂದ ಸಾಲಿಗೆ ಇಬ್ಬರು ಯಾಕ ಬೇಕು? ನೀವ ಓದಿ ಮುಗಿಸ್ರಲಾ.

ಪರಮಾನಂದ ಒಮ್ಮೆ ಮೀರಾಸಾಬನ ಕಡೆ, ಒಮ್ಮೆ ಅಬಿದಾಳ ಕಡೆ ನೋಡಿದ. ಆ ನೋಟ ಮೀರಾಸಾಬನಿಗೆ ಒಂದಿಷ್ಟೂ ಹಿಡಿಸಲಿಲ್ಲ. ಅಷ್ಟರಲ್ಲಿ ಅಬಿದಾ ಪರ್ಸಿನಿಂದ ಪೆನ್ ಡ್ರೈವ್ ತೆಗೆದು ಟೇಬಲ್ಲಿನ ಮೇಲಿಟ್ಟಳು.

ಅಬಿದಾ: ಅಕ್ಷರ ತಗೊಂಡು ನಾವೇನು ಮಾಡೂದೈತಿ? ನಮ್ಮದು ಹಕ್ಕಿ ಪಕ್ಕಿ ಕೆಲಸ. ಇದರಾಗ ಮುದ್ದೇಬಿಹಾಳದ ಲಗ್ನಕ್ಕ ಮಾಡಿದ ಡಿಸೈನ ಐತಿ. ಮೊದಲು ಸಣ್ಣದಕ್ಕ ಹಾಕ್ರಿ.

ಇಪ್ಪತ್ತೆರಡರ ಪರದೆಯಲ್ಲಿ ಹಸಿರು ನೀಲಿ ಕಲಸಿದ ಒಂದು ಉಂಡೆ ಮೂಡಿತು. ಮೀರಾಸಾಬನಿಗೆ ಕಂಡದ್ದು ಅಷ್ಟೇ. ಆದರೂ ಎದೆ ಉಬ್ಬಿಸಿ ಕೈ ಕಟ್ಟಿಕೊಂಡು ನಿಂತ.

ಮೀರಾಸಾಬ: ವಾಹ್. ಎಂಥಾ ಮಾವಿನಕಾಯಿ ತಗದೀ ಅಬಿದಾ.

ಪರಮಾನಂದ: ಮಾಸ್ತರ್ರ, ಅದು ನವಿಲದಂಗ ಐತಲ್ರಿ.

ಮೀರಾಸಾಬ: ನವಿಲಂತ ನನಗ ಗೊತ್ತಿಲ್ಲೇನ್ರಿ? ಮಾವಿನಕಾಯಿ ಬಣ್ಣದ ನವಿಲು ಅಂದೆ. ಪೂರಾ ಮಾತು ಕೇಳೂದ ಇಲ್ಲ ನೀವು.

ಅಬಿದಾ: ಕೇಳಿದ್ರಿಲ್ಲಣ್ಣಾರ? ಅವರಿಗೆ ಎಲ್ಲಾ ಕಾಣ್ತೈತಿ. ಇಪ್ಪತ್ತೆರಡು ಸಾಕು.

ಮೀರಾಸಾಬ: ಸಾಕು ಖರೆ. ಆದ್ರ ಬಂದೇವಂದ ಮ್ಯಾಲ ಆ ದೊಡ್ಡದಕ್ಕೂ ಒಂದ್ಸಲ ಹಾಕಿ ಬಿಡ್ರಿ. ಪಾಪ, ಅದರ ಮನಸ್ಸಿಗೆ ಯಾಕ ಬ್ಯಾಸರ ಮಾಡೂದು?

ಪರಮಾನಂದ ಕುಳಿತಲ್ಲಿಂದಲೇ ವೈರ್ ಬದಲಿಸಿದ. ಇಪ್ಪತ್ತೇಳರ ಪರದೆ ಝಗ್ ಎಂದಿತು.

ಮೀರಾಸಾಬ ಕಟ್ಟಿದ್ದ ಕೈ ಬಿಟ್ಟ. ನವಿಲು ನಿಂತಿತ್ತು. ಗರಿ ಗರಿಯೂ ಬೇರೆ ಬೇರೆ, ಗರಿಯ ಕಣ್ಣಿನೊಳಗಿನ ಚಿನ್ನದ ಎಳೆ ಬೇರೆ, ಕೊಕ್ಕಿನ ತುದಿಯ ಕೆಂಪು ಬೇರೆ. ಮೂರು ತಿಂಗಳಿಂದ ಹೆಂಡತಿಯ ಕೈಕೆಲಸವನ್ನು ಅವನು ನೋಡಿಯೇ ಇರಲಿಲ್ಲ, ನೋಡಿದಂತೆ ನಟಿಸಿದ್ದ. ಇವಳು ಇಷ್ಟು ಚೆಂದ ಬರೆಯುತ್ತಾಳಲ್ಲ ಎಂದು ಅವನ ಎದೆ ತುಂಬಿ ಬಂತು, ಇಂಥದ್ದನ್ನು ನೋಡದೆ “ನಡೀಲಿ” ಅಂದೆನಲ್ಲ ಎಂದು ನಾಚಿಕೆಯೂ ಆಯಿತು. ಕೊಕ್ಕಿನಿಂದ ಕೊರಳಿಗೆ, ಕೊರಳಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಕೆಳಗೆ ಕಣ್ಣಲ್ಲೇ ಮೆಲ್ಲಗೆ ಇಳಿದ. ಇಳಿದವನು ಅಲ್ಲೇ ನಿಂತ. ಬೆರಳು ಎತ್ತಿ ಏನೋ ಎಣಿಸಿದ. ಇನ್ನೊಮ್ಮೆ ಎಣಿಸಿದ.

ಅಬಿದಾ: ಏನ್ ಎಣಸಾಕತ್ತೀರಿ?

ಮೀರಾಸಾಬ: ಕಾಲು.

ಅಬಿದಾ: ಯಾರದು?

ಮೀರಾಸಾಬ: ನವಿಲಿಂದು. ನೀನೂ ಒಮ್ಮೆ ಎಣಸು.

ಅಬಿದಾ ಮುಂದೆ ಬಾಗಿದಳು. ಸೆರಗು ಸರಿಮಾಡಿಕೊಂಡು ಇನ್ನೊಂದಿಷ್ಟು ಬಾಗಿದಳು.

ಅಬಿದಾ: ಯಾ ಅಲ್ಲಾ. ಮೂರು.

ಮೀರಾಸಾಬ: ಮೂರು ಕಾಲಿನ ನವಿಲು ಎಲ್ಲಿ ನೋಡಿದ್ದಿ ನೀನು?

ಅಬಿದಾ: ನಾ ಎರಡ ಹಾಕಿದ್ದೆ. ಒಂದು ತಗದು ಮತ್ತೊಂದು ಕಡೆ ಹಚ್ಚೀನಿ. ತಗದದ್ದು ಹೋಗಿಲ್ಲ ಕಾಣ್ತೈತಿ. ಆದ್ರ ನೋಡಿ ನಡೀಲಿ ಅಂದವರು ನೀವಲಾ?

ಮೀರಾಸಾಬ: ನೀ ಹಾಕಿದ್ದು ತಪ್ಪಿರಂಗಿಲ್ಲಂತ ನಡೀಲಿ ಅಂದೆ.

ಅಬಿದಾ: ತಪ್ಪಿದ್ರ ನೀವು ಹೇಳ್ತೀರಂತ ನಾ ಹಾಕಿದೆ.

ಮೀರಾಸಾಬ: ಹಾಕಬೇಕಾದ್ರ ನಿನಗ ಕಾಣಲಿಲ್ಲೇನು?

ಅಬಿದಾ: ನೋಡಬೇಕಾದ್ರ ನಿಮಗ ಕಾಣ್ತೇನು?

ಮೀರಾಸಾಬ ಹೆಂಡತಿಯ ಮುಖ ನೋಡಿದ, ಅಬಿದಾ ಗಂಡನ ಮುಖ ನೋಡಿದಳು.

ಮೀರಾಸಾಬ: ಅಬಿದಾ, ನಿನಗೂ?

ಅಬಿದಾ: ರಂಜಾನದಿಂದ. ಹೇಳಿದ್ರ ಕಂಪ್ಯೂಟರ ಬಿಡಸ್ತೀರಂತ ಹೆದರಿದ್ದೆ. ನಿಮಗ?

ಮೀರಾಸಾಬ: ಮೂರು ತಿಂಗಳಾತು. ಹೇಳಿದ್ರ ಕತ್ತರಿ ಕಸ್ಕೋತೀಯಂತ ನಾ ಹೆದರಿದ್ದೆ.

ಅಬಿದಾ: ಅಂದ್ರ ಇಷ್ಟು ದಿನ ನಮ್ಮ ಅಂಗಡ್ಯಾಗ ನೋಡ್ತಿದ್ದವರು ಯಾರ್ರಿ?

ಮೀರಾಸಾಬ: ಯಂತ್ರ ಒಂದ.

ಅಬಿದಾಗೆ ನಗು ಒತ್ತರಿಸಿಕೊಂಡು ಬಂತು. ಮೀರಾಸಾಬನಿಗೂ ಬಂತು, ಆದರೆ ಅರ್ಧಕ್ಕೆ ನಿಂತಿತು.

ಮೀರಾಸಾಬ: ಈ ನವಿಲು ಎಷ್ಟು ಜಂಪರಿಗೆ ಹಾಕೀವಿ?

ಅಬಿದಾ: ಹನ್ನೊಂದು. ಬೀಗರ ಕಡೆಯ ಹೆಣ್ಮಕ್ಕಳಿಗೆಲ್ಲಾ. ಎರಡೆರಡು ತೋಳು.

ಪರಮಾನಂದ: ಅರವತ್ತಾರು ಕಾಲಾದುವು.

ಮೀರಾಸಾಬ: ನಿಮ್ಮನ್ನ ಯಾರು ಕೇಳಿದ್ರು?

ಅಬಿದಾ: ಮದುಮಗಳ ಅಕ್ಕ ಭಾಗ್ಯಜ್ಯೋತಿ ಫೋನ್ ಮಾಡಿದ್ಳು. ಇಂಥಾ ನವಿಲು ನಾವು ಎಲ್ಲೂ ಕಂಡಿಲ್ಲಂತ ಲಗ್ನದಾಗ ಎಲ್ಲಾರೂ ಅಂದ್ರಂತ. ನಾ ಖುಷಿಯಾಗಿ ಶುಕ್ರಿಯಾ ಅಂದೆ.

ಮೀರಾಸಾಬ: ಮತ್ತೇನಂದ್ಳು?

ಅಬಿದಾ: ಇನ್ನೂ ನಾಕು ಬೇಕು, ಹಂಗ ಇರಬೇಕು, ಒಂದೀಟೂ ಬದಲ ಮಾಡಬ್ಯಾಡ್ರಿ ಅಂದ್ಳು.

ಟೇಬಲ್ಲಿನ ಆಚೆ ಪರಮಾನಂದನ ಮುಖ ದೀಪಾವಳಿಯಾಗಿತ್ತು. ಮೊಬೈಲ್ ಕೈಗೆ ಬಂದಿತ್ತು, ಹೆಬ್ಬೆರಳು ಆಗಲೇ ಓಡುತ್ತಿತ್ತು.

ಪರಮಾನಂದ: ನಾ ಯಾರಿಗೂ ಹೇಳಂಗಿಲ್ರಿ ಮಾಸ್ತರ್ರ.

ಮೀರಾಸಾಬ: ಹೇಳಂಗಿಲ್ಲಂದ್ರ ಅದೇನು ಬರ್ಯಾಕತ್ತೀರಿ?

ಪರಮಾನಂದ: ಹೇಳೂದು ಬ್ಯಾರೆ, ಬರಿಯೂದು ಬ್ಯಾರೆ. ನಮ್ಮ ದೋಸ್ತರ ಗುಂಪೈತಿ, ಇನ್ನೂರು ಮಂದಿ ಅಷ್ಟ.

ಮೀರಾಸಾಬನದು ಮೂವತ್ತು ವರ್ಷ ದಾರ ದಾರ ಕೂಡಿಸಿ ಕಟ್ಟಿದ ಹೆಸರು. ಸಂಜೆಯೊಳಗೆ ಇಂಡಿಯಲ್ಲಿ ನಕ್ಕಾರು, ನಾಳೆ ಬಸವನ ಬಾಗೇವಾಡಿಯಲ್ಲಿ ನಕ್ಕಾರು, ನಾಡಿದ್ದು ತನ್ನ ಅಂಗಡಿಗೂ ದಿಂಬಿನ ಚೀಲವೇ ಬಂದೀತು. ಎಂದೂ ಯಾರ ಮುಂದೂ ತಗ್ಗದವನು ದನಿ ತಗ್ಗಿಸಿದ.

ಮೀರಾಸಾಬ: ಬ್ಯಾಡ ಪರಮಾನಂದ. ನನ್ನ ಹೊಟ್ಟಿ ಮ್ಯಾಲ ಬರೀಬ್ಯಾಡ್ರಿ. ನಿಮ್ಮ ಲಗ್ನದ ಸೂಟಿನಿಂದ ಹಿಡದು ಮೊನ್ನಿ ಪ್ಯಾಂಟಿನ ತನಕ ನಿಮಗ ನಾನ ಹೊಲದೇನಿ.

ಹೆಬ್ಬೆರಳು ಗಕ್ಕನೆ ನಿಂತಿತು.

ಪರಮಾನಂದ: ಈ ಪ್ಯಾಂಟು ಹೊಲದು ಎಷ್ಟು ದಿನಾತ್ರಿ?

ಮೀರಾಸಾಬ: ಎರಡು ತಿಂಗಳು.

ಪರಮಾನಂದ: ನಿಮಗ ಕಾಣೂದು ಬಿಟ್ಟು?

ಮೀರಾಸಾಬ: ಮೂರು.

ಪರಮಾನಂದ ಸ್ಟೂಲಿನಿಂದ ಎದ್ದು ಟೇಬಲ್ಲು ಸುತ್ತಿ ಈಚೆ ಬಂದ. ಬಲಗಾಲಿನ ಪ್ಯಾಂಟು ಬೂಟಿನ ಮೇಲೆ ನೆಟ್ಟಗೆ ನಿಂತಿತ್ತು. ಎಡಗಾಲಿನದು ಮುದ್ದೆಯಾಗಿ ನೆಲಕ್ಕೆ ಎಳೆಯುತ್ತಿತ್ತು.

ಪರಮಾನಂದ: ಮಾಸ್ತರ್ರ, ನನ್ನ ಎಡಗಾಲು ಗಿಡ್ಡ ಆಗೇತಂತ ನಾ ವಿಜಯಪುರಕ್ಕ ಹೋಗಿ ಎಲುಬಿನ ಡಾಕ್ಟರಿಗೆ ತೋರಿಸಿ ಬಂದೇನಿ. ಎರಡೂ ಕಾಲು ಸಮ ಅದಾವ ಅಂದ್ರು. ಮೀರಾಸಾಬ್ರ ಅಳತಿ ತಪ್ಪತೈತೇನು, ಡಾಕ್ಟರ್ರದ ತಪ್ಪಿರಬೇಕಂತ ನಾನ ಎಡಗಾಲಿನ ಬೂಟಿನ್ಯಾಗ ಎರಡು ಪದರ ರಟ್ಟು ಹಾಕ್ಕೊಂಡು ಅಡ್ಯಾಡಾಕತ್ತೇನಿ.

ಅಬಿದಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಅವಳ ಹೆಗಲು ಕುಣಿಯುತ್ತಿದ್ದವು. ಮೀರಾಸಾಬನ ಬೆನ್ನು ಒಂದೊಂದೇ ಎಲುಬಾಗಿ ನೆಟ್ಟಗಾಯಿತು.

ಮೀರಾಸಾಬ: ಹ್ಞಾಂ, ಬರೀರಿ. ನಿಂತಿದ್ದೆಲ್ಲಿ? ರಟ್ಟಿಂದೂ ಬರೀರಿ. ಇನ್ನೂರು ಮಂದಿ ಅದಾರಂದ್ರಿ.

ಪರಮಾನಂದ ಬರೆದದ್ದನ್ನೆಲ್ಲ ಅಳಿಸಿ ಮೊಬೈಲನ್ನು ಜೇಬಿಗೆ ಹಾಕಿದ, ಕೆಮ್ಮಿದ, ಸುತಳಿ ಎತ್ತಿಕೊಂಡ.

ಪರಮಾನಂದ: ಯಾವುದು ಕಟ್ಲ್ರಿ?

ಇಬ್ಬರೂ: ಇಪ್ಪತ್ತೇಳರದು.

ಅಬಿದಾ: ಹೋಗ್ತಾ ದಾರ್ಯಾಗ ಕಣ್ಣಿನ ಡಾಕ್ಟರ ಕಡೆ ಹೋಗೂಣ್ರಿ. ಇಬ್ಬರೂ ಕೂಡಿ ಹಾಕ್ಕೊಂಡ್ರ ವಯಸ್ಸಾತು ಅನ್ನಂಗಿಲ್ಲ, ಜೋಡಿ ಐತಿ ಅಂತಾರ.

ಮೀರಾಸಾಬನಿಗೆ ಮನಸ್ಸು ಹತ್ತಿಯಷ್ಟು ಹಗುರಾಯಿತು. ಡಬ್ಬಿಯನ್ನು ಮಗುವಿನಂತೆ ಎತ್ತಿಕೊಂಡು ಹೊರಟವನು ಬಾಗಿಲಲ್ಲಿ ತಿರುಗಿ ನಿಂತ.

ಮೀರಾಸಾಬ: ಪರಮಾನಂದ, ಸಂಜಿಕ ಆ ಪ್ಯಾಂಟು ಕಳಸ್ರಿ. ಚಾಳೀಸು ಹಾಕ್ಕೊಂಡು ಎಡಗಾಲು ಸರಿ ಮಾಡಿ ಕೊಡ್ತೇನಿ.

ಪರಮಾನಂದ: ಬ್ಯಾಡ್ರಿ ಮಾಸ್ತರ್ರ, ನಿಮ್ಮ ಕೈ ಮುಗೀತೇನಿ. ಎರಡು ತಿಂಗಳದಾಗ ಕಾಲು ಹೆಂಗೋ ಪ್ಯಾಂಟಿಗೆ ಹೊಂದ್ಕೊಂಡೈತಿ. ಈಗ ಪ್ಯಾಂಟು ಸರಿ ಮಾಡಿದ್ರಂದ್ರ ನಾ ಖರೇನ ಕುಂಟಬೇಕಾಗ್ತೈತಿ.